ಹೊಡೆತ ಬಿತ್ತೆಂದು ಹೇಳುವವರು ಯಾರು?

ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ: ಕಾವಲುಗಾರ ನಿಮ್ಮತ್ತ ಕತ್ತಿ ಬೀಸಿದ. ಚಿತ್ರವಿಲ್ಲ, ಸದ್ದಿಲ್ಲ, ಇರುವುದು ನಾಲ್ಕೇ ಪದ. ಆ ಏಟು ನಿಮಗೆ ತಗುಲಿತೋ ಇಲ್ಲವೋ? ಕೆಲವು ಆಟಗಳಲ್ಲಿ ಇದನ್ನು ದೂರದ ಕಂಪ್ಯೂಟರೊಂದು ಲೆಕ್ಕ ಹಾಕಿ ತೀರ್ಮಾನಿಸುತ್ತದೆ. ನಿಮ್ಮ ಒಪ್ಪಿಗೆ ಯಾರಿಗೂ ಬೇಕಿಲ್ಲ. ಇನ್ನು ಕೆಲವು ಆಟಗಳಲ್ಲಿ ಕಂಪ್ಯೂಟರು ತೆಪ್ಪಗಿರುತ್ತದೆ. ತಗುಲಿತೋ ತಪ್ಪಿತೋ ಎಂಬುದನ್ನು ಮುಂದಿನ ಸಾಲಿನಲ್ಲಿ ನೀವೇ ಬರೆಯಬೇಕು.

ಬರಿಯ ಅಕ್ಷರಗಳಲ್ಲಿ, ಹತ್ತಾರು ಜನ ಒಟ್ಟಿಗೆ ಆಡುವ ಪಾತ್ರದ ಆಟಗಳು ಇಂದಿಗೂ ನೂರಾರು ನಡೆಯುತ್ತಿವೆ. ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೊರಟ ಹೊಸಬರು ಸಾಮಾನ್ಯವಾಗಿ ವಿಚಾರಿಸುವುದು ಕಥೆಯನ್ನು: ಡ್ರ್ಯಾಗನ್ ಇದೆಯೇ, ಅಂತರಿಕ್ಷ ನೌಕೆ ಇದೆಯೇ, ರಕ್ತ ಹೀರುವವರು ಇದ್ದಾರೆಯೇ ಎಂದು. ನನ್ನ ಮಟ್ಟಿಗೆ ಕಥಾವಸ್ತು ಮೇಲಿನ ಬಣ್ಣವಷ್ಟೇ. ಡ್ರ್ಯಾಗನ್ ಇರುವ ಎರಡು ಆಟಗಳ ನಡುವೆ ಅಜಗಜಾಂತರ ಇರಬಹುದು. ಡ್ರ್ಯಾಗನ್ ಆಟವೊಂದೂ ನೌಕೆಯ ಆಟವೊಂದೂ ಒಳಗಿನಿಂದ ಒಂದೇ ಆಗಿರಬಹುದು. ಮೊದಲು ಕೇಳಬೇಕಾದದ್ದು, ಅಲ್ಲಿ ಏನು ನಡೆಯಿತೆಂದು ಹೇಳುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು. ಅದಕ್ಕೆ ಉತ್ತರ ಆ ಆಟದ ವಂಶಾವಳಿಯಲ್ಲಿ ಸಿಗುತ್ತದೆ.

ವಂಶದ ಮೂಲ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿ ಅದು ಹುಟ್ಟುವುದಕ್ಕೂ ಎರಡು ಮೂರು ವರ್ಷ ಮೊದಲು ಅಮೆರಿಕದಲ್ಲಿ ವಿಲ್ ಕ್ರೌಥರ್ ಎಂಬ ಪ್ರೋಗ್ರಾಮರ್ ಗುಹೆಯೊಳಗೆ ಅಲೆದಾಡುವ ಅಕ್ಷರದ ಆಟವೊಂದನ್ನು ಬರೆದಿದ್ದ. ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್‌ಗೆ ಪ್ರೋಗ್ರಾಂ ಬರೆಯುವುದು ಅವನ ಉದ್ಯೋಗ, ಕೆಂಟಕಿಯ ಮ್ಯಾಮತ್ ಗುಹೆಗಳಿಗೆ ಇಳಿದು ನಕ್ಷೆ ಮಾಡುವುದು ಹವ್ಯಾಸ. ಆದರೆ ಆ ಗುಹೆಯಲ್ಲಿ ಆಡುವವರು ಒಂಟಿ. 1978ರಲ್ಲಿ ಎಸೆಕ್ಸಿನ ವಿದ್ಯಾರ್ಥಿ ರಾಯ್ ಟ್ರಬ್‌ಶಾ, ಅಲ್ಲಿನ ಪಿಡಿಪಿ-10 ಯಂತ್ರದ ಮೇಲೆ ಹಲವರು ಏಕಕಾಲಕ್ಕೆ ಓಡಾಡಬಹುದಾದ ಲೋಕವೊಂದನ್ನು ಕಟ್ಟಿ ಅದಕ್ಕೆ ‘ಮಲ್ಟಿ ಯೂಸರ್ ಡಂಜನ್’ ಎಂದು ಹೆಸರಿಟ್ಟ. ಬಾಯಲ್ಲಿ ಅದು ‘ಮಡ್’ ಆಯಿತು, ಈಗ ಇಡೀ ಜಾತಿಗೇ ಅದೇ ಹೆಸರು. 1980ರಲ್ಲಿ ಸಹಪಾಠಿ ರಿಚರ್ಡ್ ಬಾರ್ಟಲ್ ಅದನ್ನು ವಹಿಸಿಕೊಂಡು ಬೆಳೆಸಿದ. ಹಗಲಿನ ಕೆಲಸಕ್ಕೆ ತೊಂದರೆಯಾಗದಂತೆ ಹೊರಗಿನವರಿಗೆ ನಡುರಾತ್ರಿಯ ನಂತರದ ಹೊತ್ತಿನಲ್ಲಿ ಬಾಗಿಲು ತೆರೆಯುತ್ತಿತ್ತು.

ಒಳಗೆ ಏನಿದೆ ಎಂದು ನೋಡಿದರೆ ಸರಳತೆ ಬೆರಗು ಹುಟ್ಟಿಸುತ್ತದೆ. ಪ್ರತಿ ಜಾಗವೂ ಒಂದು ‘ರೂಮ್’. ಕಾಡಿನ ತೆರವಾಗಲಿ, ಸಮುದ್ರದ ನಡುವಾಗಲಿ ಪ್ರೋಗ್ರಾಮಿಗೆ ರೂಮೇ. ಅದಕ್ಕೊಂದು ಸಂಖ್ಯೆ, ಒಂದು ವಿವರಣೆ, ಉತ್ತರಕ್ಕೆ ಹೋದರೆ ಯಾವ ಸಂಖ್ಯೆಯ ರೂಮ್ ಎಂಬ ಪಟ್ಟಿ. ಗಣಿತದವರು ಗ್ರಾಫ್ ಎನ್ನುವುದು ಇದನ್ನೇ: ಬಿಂದುಗಳು, ಅವನ್ನು ಜೋಡಿಸುವ ಗೆರೆಗಳು. ದೂರ ಎಂಬುದು ಇಲ್ಲವೇ ಇಲ್ಲ, ಇರುವುದು ಹೆಜ್ಜೆಗಳ ಎಣಿಕೆ ಮಾತ್ರ. ಉತ್ತರಕ್ಕೆ ಹೋಗಿ ದಕ್ಷಿಣಕ್ಕೆ ಬಂದರೆ ಹೊರಟಲ್ಲಿಗೇ ಮರಳುತ್ತೀರಿ ಎಂಬ ಖಾತ್ರಿಯೂ ಇಲ್ಲ. ಜಟಿಲ ಕಾಡುಗಳನ್ನು ಕಟ್ಟುವವರು ಬೇಕೆಂದೇ ಗೆರೆಗಳನ್ನು ತಿರುಚಿರುತ್ತಾರೆ. ನೆಲದ ಮೇಲಿನ ಕತ್ತಿಯನ್ನು ನೀವು ಎತ್ತಿಕೊಂಡಾಗ ಆಗುವುದಿಷ್ಟೇ: ಕತ್ತಿ ಎಲ್ಲಿದೆ ಎಂಬ ಅಂಕಣದಲ್ಲಿ ರೂಮಿನ ಗುರುತು ಅಳಿದು ನಿಮ್ಮ ಗುರುತು ಬರುತ್ತದೆ.

ಜಾಣತನ ಇರುವುದು ಸುದ್ದಿ ಹಂಚುವುದರಲ್ಲಿ. ನೀವು ಕಾವಲುಗಾರನಿಗೆ ಹೊಡೆದರೆ ಸರ್ವರ್ ಆ ಒಂದು ಘಟನೆಗೆ ಮೂರು ಬಗೆಯ ವಾಕ್ಯ ಸಿದ್ಧಪಡಿಸುತ್ತದೆ. ನಿಮಗೆ, ‘ನೀವು ಕಾವಲುಗಾರನಿಗೆ ಹೊಡೆದಿರಿ’. ಕಾವಲುಗಾರ ಇನ್ನೊಬ್ಬ ಆಟಗಾರನಾಗಿದ್ದರೆ ಅವನಿಗೆ, ‘ಇಂಥವರು ನಿಮಗೆ ಹೊಡೆದರು’. ರೂಮಿನಲ್ಲಿ ನಿಂತ ಉಳಿದವರಿಗೆ ಮೂರನೆಯದು. ಪಕ್ಕದ ರೂಮಿನವರಿಗೆ ಏನೂ ಇಲ್ಲ. ಒಂದೇ ಘಟನೆಯನ್ನು ಅವರವರ ನಿಲುವಿನಿಂದ ಹೇಳುವ ಈ ಕೆಲಸವೇ ಅಕ್ಷರಗಳ ನಡುವೆ ನಿಂತಿದ್ದೇನೆ ಎಂಬ ಭಾವನೆಯನ್ನು ಹುಟ್ಟಿಸುವುದು.

ಆ ಕಾಲಕ್ಕೆ ಅಕ್ಷರ ಬಿಟ್ಟರೆ ಬೇರೆ ದಾರಿಯೂ ಇರಲಿಲ್ಲ. ಒಂದು ಪರದೆಗೆ 80 ಅಕ್ಷರದ 24 ಸಾಲು, ಒಟ್ಟು 1920 ಅಕ್ಷರ. ಟೆಲಿಫೋನ್ ತಂತಿಯ ಮೇಲೆ 300 ಬಾಡ್ ಮೋಡೆಮ್ ಸೆಕೆಂಡಿಗೆ 30 ಅಕ್ಷರ ತರುತ್ತಿತ್ತು. ಒಂದು ಪರದೆ ತುಂಬಲು 64 ಸೆಕೆಂಡು! ಆಗ ರೂಮಿನ ವಿವರಣೆಯನ್ನು ಮೂರು ಸಾಲಿಗೆ ಮುಗಿಸುವುದು ಶೈಲಿಯ ಪ್ರಶ್ನೆಯಾಗಿರಲಿಲ್ಲ, ಫೋನ್ ಬಿಲ್ಲಿನದಾಗಿತ್ತು.

1987ರಲ್ಲಿ ವೇಲ್ಸ್‌ನ ಅಬರಿಸ್ಟ್‌ವಿತ್‌ನಲ್ಲಿ ಅಲನ್ ಕಾಕ್ಸ್ ಅಬರ್‌ಮಡ್ ಬರೆದ. ಮುಂದೆ ಲಿನಕ್ಸ್ ಕರ್ನಲ್ಲಿನ ಪ್ರಮುಖ ಕೆಲಸಗಾರರಲ್ಲಿ ಒಬ್ಬನಾದ ಅದೇ ಅಲನ್ ಕಾಕ್ಸ್. ಅದು ಯುನಿಕ್ಸ್ ಇರುವ ಕ್ಯಾಂಪಸ್ಸುಗಳಿಗೆಲ್ಲ ಹಬ್ಬಿತು. ಅದರ ಬೆನ್ನಿಗೇ ಮೂರು ಕವಲು ಒಡೆದವು. ಇಂದು ನೀವು ಆರಿಸಿಕೊಳ್ಳುವ ಆಟ ಬಹುಮಟ್ಟಿಗೆ ಈ ಮೂರರಲ್ಲಿ ಒಂದರ ಮೊಮ್ಮಗು.

ಮೊದಲು ಡಿಕು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದ ಡ್ಯಾನಿಶ್ ಹೆಸರಿನ ಮೊದಲಕ್ಷರಗಳು ಇವು. ಅಲ್ಲಿನ ಐವರು ವಿದ್ಯಾರ್ಥಿಗಳು ಬರೆದ ಡಿಕುಮಡ್ 1991ರಲ್ಲಿ ಹೊರಬಂತು. ಮೇಜಿನ ಮೇಲೆ ದಾಳ ಹಾಕಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ 1974ರ ಆಟದ ನಿಯಮಗಳ ನೆರಳಲ್ಲಿ ಬೆಳೆದದ್ದು ಇದು. ಇಲ್ಲಿ ಹೊಡೆತ ಬಿತ್ತೇ ಎಂಬುದು ಶುದ್ಧ ಸಂಭವನೀಯತೆ: 1ರಿಂದ 20ರೊಳಗೆ ಯಾದೃಚ್ಛಿಕ ಸಂಖ್ಯೆಯೊಂದು ಹುಟ್ಟುತ್ತದೆ, ನಿಮ್ಮ ಹಂತ, ಎದುರಾಳಿಯ ಕವಚ ಇತ್ಯಾದಿ ಕೂಡಿ ಕಳೆದು ಗಡಿ ದಾಟಿತೇ ಎಂದು ನೋಡಲಾಗುತ್ತದೆ. ಕಾದಾಟದ ಸುತ್ತು ಎರಡು ಮೂರು ಸೆಕೆಂಡಿಗೊಮ್ಮೆ ತಾನಾಗಿ ಬರುತ್ತದೆ. ಹಲವು ಡಿಕು ಆಟಗಳಲ್ಲಿ ಒಳಲೋಕದ ಒಂದು ಗಂಟೆ ಎಂದರೆ ನಮ್ಮ 75 ಸೆಕೆಂಡು. ಆ ಬಡಿತಕ್ಕೆ ಗಾಯ ಮಾಯುತ್ತದೆ, ಹಸಿವೆ ಹೆಚ್ಚುತ್ತದೆ. ನೀವು ಕೊಂದ ಕಾವಲುಗಾರ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಅದೇ ಬಾಗಿಲಲ್ಲಿ ನಿಂತಿರುತ್ತಾನೆ, ನಿಮ್ಮ ಮೇಲೆ ಯಾವ ಸಿಟ್ಟೂ ಇಲ್ಲದೆ. ಇಂಥ ಲೋಕದಲ್ಲಿ ಪಾತ್ರವಾಗಿ ಬದುಕುವುದು ಕಷ್ಟ. ನಿಮ್ಮ ಕೆಲಸಕ್ಕೆ ಪರಿಣಾಮವೇ ಉಳಿಯದಿದ್ದರೆ ಪಾತ್ರಕ್ಕೆ ಪೂರ್ವಕಥೆ ಎಲ್ಲಿಂದ ಬಂದೀತು?

ಡಿಕುವಿನ ಪರವಾನಗಿಯಲ್ಲಿ ಒಂದು ಕಟ್ಟಳೆ ಇತ್ತು: ಇದರಿಂದ ಲಾಭ ಮಾಡಬಾರದು, ಮತ್ತು ಒಳಬರುವಾಗ ಮೂಲ ಲೇಖಕರ ಹೆಸರು ಕಾಣಬೇಕು. ಈ ಕುಲದ ಬಹುಪಾಲು ಆಟಗಳು ಪುಕ್ಕಟೆ ಆಗಿರುವುದಕ್ಕೆ ಇದೇ ಕಾರಣ. ಹೆಸರು ಹಾಕುವ ನಿಯಮದಿಂದ ನಿಮಗೂ ಉಪಕಾರವಿದೆ. ಸ್ವಾಗತದ ಪರದೆಯನ್ನು ಓದಿ. ಡಿಕು, ಮರ್ಕ್, ರೋಮ್, ಸರ್ಕಲ್ ಎಂಬ ಹೆಸರುಗಳಲ್ಲಿ ಯಾವುದು ಕಂಡರೂ ಒಳಗೆ ದಾಳವೇ ದೇವರು ಎಂದು ತಿಳಿಯಬಹುದು. 1999ರ ಎವರ್‌ಕ್ವೆಸ್ಟ್, 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಂಥ ಚಿತ್ರಗಳ ದೊಡ್ಡ ಆಟಗಳು ಆಡುವ ಬಗೆಯಲ್ಲಿ ಈ ಕುಲದವೇ. ಅವನ್ನು ಆಡಿದವರಿಗೆ ಡಿಕು ಮೊದಲ ಗಂಟೆಯಲ್ಲೇ ಪರಿಚಿತವೆನಿಸುತ್ತದೆ. 1996ರಿಂದ ನಡೆಯುತ್ತಿರುವ ಆರ್ಡ್‌ವುಲ್ಫ್ ಇದಕ್ಕೆ ಒಳ್ಳೆಯ ಉದಾಹರಣೆ. ಹೊಸಬರಿಗೆಂದೇ ಅಲ್ಲೊಂದು ಪಾಠಶಾಲೆ ಇದೆ.

ಎರಡನೆಯ ಕವಲು ಇದಕ್ಕೆ ತದ್ವಿರುದ್ಧ. 1989ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಆಸ್ಪ್ನೆಸ್ ಬರೆದ ಟೈನಿಮಡ್‌ನಲ್ಲಿ ಹಂತವಿಲ್ಲ, ಅಂಕವಿಲ್ಲ, ಗೆಲುವಿಲ್ಲ; ಕಾದಾಟ ಹೆಸರಿಗಷ್ಟೇ. ಆಟಗಾರರೇ ರೂಮುಗಳನ್ನು ಕಟ್ಟುತ್ತ ಹರಟುತ್ತ ಇದ್ದರು. ಅದರಿಂದ ಹುಟ್ಟಿದ ‘ಮಷ್’ ಎಂಬ ಕುಲ ಇಂದಿಗೂ ಗಂಭೀರ ಪಾತ್ರದಾಟದ ತವರು. ಅಲ್ಲಿನ ಮುಖ್ಯ ಆಜ್ಞೆ ಒಂದು ಕೋಲನ್ ಚಿಹ್ನೆ. ಕೋಲನ್ ಹಾಕಿ ‘ಕಿಟಕಿಯತ್ತ ನೋಡುತ್ತ ಕೂತ’ ಎಂದು ಬರೆದರೆ, ಮುಂದೆ ನಿಮ್ಮ ಪಾತ್ರದ ಹೆಸರು ಸೇರಿ ಇಡೀ ರೂಮಿಗೆ ಕಾಣುತ್ತದೆ. ಪ್ರೋಗ್ರಾಮಿಗೆ ಕಿಟಕಿ ಗೊತ್ತಿಲ್ಲ, ಕೂರುವುದೂ ಗೊತ್ತಿಲ್ಲ. ಅದು ಸಾಲನ್ನು ತಲುಪಿಸುತ್ತದೆ, ಅಷ್ಟೆ.

ಕರಾವಳಿ, ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಇದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಪ್ರಸಂಗದ ಚೌಕಟ್ಟು ಎಲ್ಲರಿಗೂ ಗೊತ್ತು, ಕೂತಲ್ಲೇ ಅರ್ಥಧಾರಿಗಳು ಮಾತಿನಿಂದ ಪಾತ್ರವನ್ನು ಕಟ್ಟುತ್ತಾರೆ. ಎದುರಿನ ಅರ್ಥಧಾರಿ ಏನು ಹೇಳುತ್ತಾನೋ ಮೊದಲೇ ತಿಳಿಯದು, ಆದರೆ ಅವನ ಮಾತನ್ನು ಹಿಡಿದುಕೊಂಡೇ ಮುಂದುವರಿಯಬೇಕು. ಎದುರು ಪಾತ್ರದ ಬಾಯಿಗೆ ನೀವೇ ಮಾತು ತುರುಕಿದರೆ ಕೂಟ ಕೆಡುತ್ತದೆ. ಮಷ್‌ನ ಶಿಷ್ಟಾಚಾರವೂ ಅದೇ: ಪ್ರಯತ್ನವನ್ನು ಬರೆಯಿರಿ, ಫಲಿತಾಂಶವನ್ನು ಬಿಡಿ. ‘ಅವನ ತಲೆಯತ್ತ ಕೋಲು ಬೀಸಿದ’ ಎನ್ನಬಹುದು. ‘ಅವನ ತಲೆ ಒಡೆದ’ ಎನ್ನಬಾರದು. ಒಡೆಯಿತೋ ಇಲ್ಲವೋ ಎನ್ನುವುದು ತಲೆಯ ಯಜಮಾನನಿಗೆ ಬಿಟ್ಟದ್ದು. ಒಬ್ಬೊಬ್ಬರು ಒಂದೊಂದು ಪ್ಯಾರಾ ಬರೆಯಲು ಹಲವು ನಿಮಿಷ ತೆಗೆದುಕೊಳ್ಳುತ್ತಾರೆ, ನಾಲ್ಕು ಜನ ಸೇರಿದ ಒಂದು ದೃಶ್ಯಕ್ಕೆ ಇಡೀ ಸಂಜೆ ಬೇಕು. ಬೆರಳು ಚುರುಕಾದವರಿಗೆ ಇದು ಹಿಂಸೆ. ವಾಕ್ಯ ತಿದ್ದುವುದರಲ್ಲಿ ಸುಖ ಕಾಣುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಮೂರನೆಯದು ನಡುವಿನ ದಾರಿ. ಸ್ವೀಡನ್ನಿನ ಲಾರ್ಸ್ ಪೆನ್ಶೊ 1989ರಲ್ಲಿ ಬರೆದ ಎಲ್‌ಪಿಮಡ್‌ನಲ್ಲಿ ಲೋಕವನ್ನು ನಡೆಸುವ ಯಂತ್ರವೇ ಬೇರೆ, ಲೋಕದ ವಸ್ತುಗಳನ್ನು ಬರೆಯುವ ಭಾಷೆಯೇ ಬೇರೆ. ಹಾಗಾಗಿ ಆಟ ನಡೆಯುತ್ತಿರುವಾಗಲೇ ಒಂದು ಬಾಗಿಲನ್ನೋ ಒಂದು ಊರನ್ನೋ ಹೊಸದಾಗಿ ಬರೆದು ಸೇರಿಸಬಹುದು. ಟೆರಿ ಪ್ರ್ಯಾಚೆಟ್ಟನ ಕಾದಂಬರಿಗಳ ಲೋಕವನ್ನು ಆಧರಿಸಿ 1991ರಲ್ಲಿ ಶುರುವಾದ ಡಿಸ್ಕ್‌ವರ್ಲ್ಡ್ ಮಡ್ ಈ ಕುಲದ್ದು. ವಸ್ತುಗಳ ವಿವರ ಅಲ್ಲಿ ಎಷ್ಟು ದಟ್ಟವೆಂದರೆ ಯಾರನ್ನೂ ಹೊಡೆಯದೆ ಬೀದಿ ಸುತ್ತುತ್ತಲೇ ವಾರಗಟ್ಟಲೆ ಕಳೆಯಬಹುದು. ಪ್ರ್ಯಾಚೆಟ್ ಓದಿದವರಿಗೆ ನಾನು ಮೊದಲು ಹೇಳುವುದು ಇದರ ಹೆಸರು.

ಕುಲಗಳ ಹೊರಗೂ ಕೆಲವು ಇವೆ. 1997ರಲ್ಲಿ ಆರಂಭವಾದ ಅಕೇಯ ವಾಣಿಜ್ಯ ಆಟ. ಪ್ರವೇಶ ಪುಕ್ಕಟೆ, ಸೌಕರ್ಯಗಳಿಗೆ ಹಣ. ಅಲ್ಲಿ ಕಾದಾಟಕ್ಕೆ ಪ್ರೋಗ್ರಾಮೇ ತೀರ್ಪುಗಾರ, ಆದರೆ ನಗರಗಳ ರಾಜಕೀಯ, ದೇವರುಗಳ ಪೂಜೆ ಎಲ್ಲ ಜನರದು. ಕುಲ ಯಾವುದೇ ಇರಲಿ, ಪಾತ್ರವನ್ನು ಬಿಟ್ಟು ಮಾತಾಡಲೇ ಕೂಡದು ಎಂಬ ಕಟ್ಟುನಿಟ್ಟಿನ, ಸತ್ತರೆ ಪಾತ್ರ ಶಾಶ್ವತವಾಗಿ ಹೋಗುವ ಆಟಗಳೂ ಇವೆ. 1990ರ ದಶಕದಲ್ಲಿ ಶುರುವಾದ ಆರ್ಮಗೆಡನ್ ಅವುಗಳಲ್ಲಿ ಹೆಸರಾದದ್ದು. ಸಾವು ನಿಜವಾದಾಗ ಭಯವೂ ನಿಜವಾಗುತ್ತದೆ, ಅದರ ರುಚಿಯೇ ಬೇರೆ. ಆದರೆ ಆಜ್ಞೆಗಳನ್ನೇ ಇನ್ನೂ ಕಲಿಯುತ್ತಿರುವವರು ಅಲ್ಲಿ ಮೊದಲು ಕಾಲಿಡಬಾರದು. ಬಾಯಾರಿಕೆ ನೀಗಿಸುವ ಆಜ್ಞೆ ನೆನಪಾಗದೆ ಮರುಭೂಮಿಯಲ್ಲಿ ಸಾಯುವುದರಲ್ಲಿ ಯಾವ ನಾಟಕೀಯತೆಯೂ ಇಲ್ಲ.

ತೀರ್ಪು ಪ್ರೋಗ್ರಾಮಿನದೋ ಜನರದೋ ಎಂಬ ಪ್ರಶ್ನೆ ಎಷ್ಟು ಗಂಭೀರವಾಗಬಹುದು ಎಂಬುದು 1993ರಲ್ಲಿ ಗೊತ್ತಾಯಿತು. ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಪಾವೆಲ್ ಕರ್ಟಿಸ್ ನಡೆಸುತ್ತಿದ್ದ ಲ್ಯಾಂಬ್ಡಾಮೂ ಎಂಬ ಲೋಕದಲ್ಲಿ ಯಾರು ಬೇಕಾದರೂ ವಸ್ತುಗಳನ್ನು ಪ್ರೋಗ್ರಾಂ ಮಾಡಬಹುದಿತ್ತು. ಒಬ್ಬ ಆಟಗಾರ ಅಂಥದೊಂದು ವಸ್ತುವಿನಿಂದ, ಬೇರೆಯವರ ಪಾತ್ರಗಳು ಅಸಹ್ಯ ಕೃತ್ಯಗಳನ್ನು ಮಾಡುತ್ತಿರುವಂತೆ ಸಾಲುಗಳನ್ನು ಹೊರಡಿಸಿದ. ಪ್ರೋಗ್ರಾಮಿನ ದೃಷ್ಟಿಯಲ್ಲಿ ತಪ್ಪೇನೂ ನಡೆದಿರಲಿಲ್ಲ. ಎಲ್ಲವೂ ಅನುಮತಿ ಇದ್ದ ಆಜ್ಞೆಗಳೇ. ನೋಯಿಸಿಕೊಂಡವರ ಕಣ್ಣೀರು ಮಾತ್ರ ನಿಜವಾಗಿತ್ತು. ಕೊನೆಗೆ ಮೇಲ್ವಿಚಾರಕನೊಬ್ಬ ಆ ಖಾತೆಯನ್ನೇ ಅಳಿಸಿದ. ಆಮೇಲೆ ಅರ್ಜಿ, ಮತದಾನಗಳ ಏರ್ಪಾಟು ಬಂತು. ಜೂಲಿಯನ್ ಡಿಬೆಲ್ ಅದೇ ವರ್ಷ ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ ಬರೆದ ವರದಿಯಿಂದ ಈ ಪ್ರಕರಣ ಲೋಕಕ್ಕೆ ತಿಳಿಯಿತು. ಹಾಗಾಗಿ ಹೆಸರು ನೋಂದಾಯಿಸುವ ಮೊದಲು ನೀತಿ ನಿಯಮಗಳ ಪುಟವನ್ನು ಓದುವುದು ಲೇಸು. ಒಪ್ಪಿಗೆಯಿಲ್ಲದೆ ನಿಮ್ಮ ಪಾತ್ರಕ್ಕೆ ಏನೇನು ಮಾಡಬಹುದು, ಬೇಡದವರ ಮಾತು ಕಾಣದಂತೆ ಮಾಡುವ ಆಜ್ಞೆ ಯಾವುದು, ದೂರು ಕೊಟ್ಟರೆ ಕೇಳುವವರು ಯಾರು, ಇವು ಸ್ಪಷ್ಟವಾಗಿ ಬರೆದಿರದ ಆಟದಲ್ಲಿ ನಿಲ್ಲಬೇಡಿ. ಮಕ್ಕಳಿಗಾಗಿ ಹುಡುಕುವ ತಾಯಿ ತಂದೆಯರಿಗಂತೂ ಇದು ಮೊದಲ ಜರಡಿ.

ಇನ್ನು ಆಡುವವರ ಸ್ವಭಾವ. ಬಾರ್ಟಲ್ 1996ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಆಟಗಾರರನ್ನು ಇಸ್ಪೀಟಿನ ನಾಲ್ಕು ಬಣ್ಣಗಳಿಗೆ ಹಂಚಿದ: ಸಾಧನೆ ಬೇಕಾದವರು, ಹುಡುಕಾಟ ಬೇಕಾದವರು, ಒಡನಾಟ ಬೇಕಾದವರು, ಬೇರೆಯವರನ್ನು ಕಾಡುವುದೇ ಬೇಕಾದವರು. ನೀವು ಯಾವ ಬಣ್ಣ ಎಂದು ಹೇಳುವ ಪ್ರಶ್ನಾವಳಿಗಳು ಇದರಿಂದಲೇ ಹುಟ್ಟಿದವು. ಗಮನಿಸಿ, ನಾಲ್ಕರಲ್ಲಿ ಪಾತ್ರ ಆಡುವವರೇ ಇಲ್ಲ! 2006ರಲ್ಲಿ ನಿಕ್ ಯೀ ಸುಮಾರು 3000 ಆಟಗಾರರ ಉತ್ತರಗಳನ್ನು ಅಂಕಿ ಅಂಶಗಳ ವಿಧಾನದಿಂದ ಜಾಲಾಡಿದಾಗ ಸಿಕ್ಕ ಚಿತ್ರ ಬೇರೆ. ಸಾಧನೆ, ಒಡನಾಟ, ತನ್ಮಯತೆ ಎಂಬ ಮೂರು ಪ್ರೇರಣೆಗಳು. ಪಾತ್ರದಾಟ ಮೂರನೆಯದರ ಒಂದು ಅಂಗ. ಒಂದು ಹೆಚ್ಚಿದ್ದರೆ ಇನ್ನೊಂದು ಕಡಿಮೆ ಇರಲೇಬೇಕು ಎಂದೇನೂ ಕಾಣಲಿಲ್ಲ. ಹಾಗಾಗಿ ಆ ಪ್ರಶ್ನಾವಳಿಗಳನ್ನು ರಾಶಿಭವಿಷ್ಯದಷ್ಟೇ ನಂಬಿದರೆ ಸಾಕು.

ಸ್ವಭಾವಕ್ಕಿಂತ ಗಡಿಯಾರ ಹೆಚ್ಚು ನಿರ್ಣಾಯಕ. ಅಮೆರಿಕದ ಪೂರ್ವ ತೀರದಲ್ಲಿ ಚಳಿಗಾಲದ ರಾತ್ರಿ ಎಂಟು ಎಂದರೆ ಬೆಂಗಳೂರಿನಲ್ಲಿ ಮರುದಿನ ಬೆಳಿಗ್ಗೆ ಆರೂವರೆ. ಇಂಗ್ಲೆಂಡಿನ ರಾತ್ರಿ ಒಂಬತ್ತು ನಮಗೆ ಬೆಳಗಿನ ಜಾವ ಎರಡೂವರೆ. ದಾಳದ ಆಟಕ್ಕೆ ಇದು ಅಡ್ಡಿಯಲ್ಲ, ಯಾರೂ ಇಲ್ಲದಿದ್ದರೂ ಕಾವಲುಗಾರ ಇರುತ್ತಾನೆ. ಜನರೇ ಆಟವಾಗಿರುವ ಮಷ್‌ನಲ್ಲಿ ಖಾಲಿ ರೂಮ್ ಎಂದರೆ ಆಟವೇ ಇಲ್ಲ. ನೀವು ಆಡಬಹುದಾದ ಹೊತ್ತಿನಲ್ಲೇ ಒಳಹೋಗಿ ಯಾರಿದ್ದಾರೆ ಎಂದು ತೋರಿಸುವ ‘ಹೂ’ ಆಜ್ಞೆ ಕೊಟ್ಟು ನೋಡಿ. ಹೆಸರಿನ ಪಕ್ಕದಲ್ಲಿ ಎಷ್ಟು ಹೊತ್ತಿನಿಂದ ಕೀಲಿ ಒತ್ತಿಲ್ಲ ಎಂಬ ಲೆಕ್ಕವೂ ಇರುತ್ತದೆ. ಐವತ್ತು ಹೆಸರಿದ್ದು ನಲವತ್ತೈದು ಗಂಟೆಗಟ್ಟಲೆ ಅಲುಗಾಡಿಲ್ಲವೆಂದರೆ ಅಲ್ಲಿರುವವರು ಐದೇ ಜನ.

ದೂರದ ಲೆಕ್ಕ ಅಷ್ಟು ಕಾಡುವುದಿಲ್ಲ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಕ್ಯಾಲಿಫೋರ್ನಿಯ ಇಲ್ಲಿಂದ ಸುಮಾರು 14,000 ಕಿಲೋಮೀಟರ್. ಹೋಗಿ ಬರಲು ಕನಿಷ್ಠ 0.14 ಸೆಕೆಂಡು, ತಂತಿಗಳ ಸುತ್ತುದಾರಿ ಸೇರಿ ಅದರ ಹೆಚ್ಚುಕಮ್ಮಿ ಇಮ್ಮಡಿ. ಎರಡು ಸೆಕೆಂಡಿನ ಸುತ್ತಿನಲ್ಲಿ ಇದು ಲೆಕ್ಕಕ್ಕಿಲ್ಲ. ಅಕೇಯದ ಆಟಗಾರರ ನಡುವಿನ ಕಾಳಗದಲ್ಲಿ ಮಾತ್ರ ಮದ್ದು ತೆಗೆದುಕೊಳ್ಳುವ ಹೊತ್ತು ಕೂದಲೆಳೆಯಷ್ಟು ತಪ್ಪಿದರೂ ಪ್ರಾಣಕ್ಕೆ ಬರುತ್ತದೆ.

ಸಂಪರ್ಕಕ್ಕೆ ಬಳಕೆಯಾಗುವುದು ಟೆಲ್ನೆಟ್ ಎಂಬ ಹಳೆಯ ಪದ್ಧತಿ. ಅದರ ಇಂದಿನ ನಿಯಮಾವಳಿ 1983ರದು. ಅದರಲ್ಲಿ ಗೂಢಲಿಪಿ ಇಲ್ಲ. ನಿಮ್ಮ ಪಾಸ್‌ವರ್ಡ್ ತೆರೆದ ಪೋಸ್ಟ್ ಕಾರ್ಡಿನಂತೆಯೇ ಹೋಗುತ್ತದೆ, ಆದ್ದರಿಂದ ಬ್ಯಾಂಕಿಗೋ ಇಮೇಲಿಗೋ ಬಳಸಿದ್ದನ್ನು ಇಲ್ಲಿ ಕೊಡಲೇಬೇಡಿ. ಮಡ್ಲೆಟ್‌ನಂಥ ಉಚಿತ ತಂತ್ರಾಂಶ ಹಾಕಿಕೊಂಡರೆ ನಕ್ಷೆ, ಬಣ್ಣ, ಅಡ್ಡಹೆಸರಿನ ಆಜ್ಞೆಗಳು ಸಿಗುತ್ತವೆ. ಗುಂಪು ಕಾಳಗದಲ್ಲಿ ಸಾಲುಗಳು ಓದುವ ವೇಗ ಮೀರಿ ಉರುಳಿದಾಗ ಬೇಡದ ಸಾಲುಗಳನ್ನು ಅಡಗಿಸಲೂ ಬರುತ್ತದೆ. ದೃಷ್ಟಿಯಿಲ್ಲದವರಿಗೆ ಈ ಆಟಗಳು ಹಾಸಿಕೊಟ್ಟ ಹಾದಿ: ಎಲ್ಲವೂ ಅಕ್ಷರವಾದ್ದರಿಂದ ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ಅದನ್ನು ನೇರವಾಗಿ ಓದಿ ಹೇಳುತ್ತದೆ. ಆಲ್ಟರ್ ಈಯಾನ್ ಎಂಬ ಮಡ್‌ನಲ್ಲಿ ಅಂಧ ಆಟಗಾರರದೇ ದೊಡ್ಡ ಬಳಗವಿದೆ. ಅಲ್ಲಿ ಅವರು ಯಾರ ರಿಯಾಯಿತಿಯನ್ನೂ ಕೇಳದೆ ಸಮಸಮಕ್ಕೆ ಆಡುತ್ತಾರೆ.

ಇದನ್ನೆಲ್ಲ ಕನ್ನಡದಲ್ಲಿ ಆಡಬಹುದೇ? ತೀರ್ಪು ಜನರದಾಗಿದ್ದರೆ ಬಹಳ ಮಟ್ಟಿಗೆ ಆಡಬಹುದು. ಯುಟಿಎಫ್-8 ಲಿಪಿ ವ್ಯವಸ್ಥೆ ಟೆಲ್ನೆಟ್‌ನೊಂದಿಗೆ ಜಗಳವಾಡುವುದಿಲ್ಲ. ಟೆಲ್ನೆಟ್ ತನ್ನ ಸ್ವಂತ ಸಂಕೇತಕ್ಕೆ ಕಾದಿಟ್ಟ 255 ಎಂಬ ಬೈಟನ್ನು ಯುಟಿಎಫ್-8 ಎಂದೂ ಬಳಸುವುದಿಲ್ಲ. ಕೋಲನ್ ಹಾಕಿ ಕನ್ನಡದಲ್ಲಿ ಬರೆದರಾಯಿತು. ಹಳೆಯ ಸರ್ವರುಗಳು ಮಾತ್ರ ಅಕ್ಷರವನ್ನು ಎಣಿಸದೆ ಬೈಟನ್ನು ಎಣಿಸುತ್ತವೆ. ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟು ಬೇಕು; 80 ಬೈಟಿಗೆ ಸಾಲು ಕತ್ತರಿಸುವ ಸರ್ವರ್ ಇಪ್ಪತ್ತಾರು ಸಂಕೇತ ಕಳಿಸಿ ಇಪ್ಪತ್ತೇಳನೆಯದನ್ನು ಮೂರರಲ್ಲಿ ಎರಡು ಬೈಟಿಗೆ ತುಂಡರಿಸುತ್ತದೆ, ಪರದೆಯ ಮೇಲೆ ಪ್ರಶ್ನೆಚಿಹ್ನೆ ಬೀಳುತ್ತದೆ. ಪೈಥಾನ್‌ನಲ್ಲಿ ಬರೆದ ಎವೆನ್ನಿಯದಂಥ ಹೊಸ ಸರ್ವರುಗಳಲ್ಲಿ ಈ ತೊಡಕಿಲ್ಲ.

ತೀರ್ಪು ಪ್ರೋಗ್ರಾಮಿನದಾಗಿದ್ದರೆ ಕಥೆ ಬೇರೆ. ಡಿಕು ಮೊದಲ ಪದವನ್ನು ಕ್ರಿಯೆ ಎಂದು ಹಿಡಿಯುತ್ತದೆ. ನಮ್ಮ ಕ್ರಿಯೆ ಬರುವುದು ಕೊನೆಗೆ. ಅದು ಸುಲಭದ ತಿದ್ದುಪಡಿ. ಕಷ್ಟ ಇರುವುದು ವಿಭಕ್ತಿಯಲ್ಲಿ: ಚೀಲದಿಂದ, ಪೆಟ್ಟಿಗೆಯಿಂದ, ಹಸುವಿನಿಂದ ಎಂಬ ಮೂರರಿಂದಲೂ ಮೂಲ ನಾಮಪದವನ್ನು ಬಿಡಿಸಿಕೊಳ್ಳಬೇಕು. ಬಿಡಿಸಿಕೊಂಡ ಮೇಲೆ ಲಾಭವೂ ಉಂಟು, ಯಾವುದರಿಂದ ಯಾವುದನ್ನು ಎಂಬುದು ಪ್ರತ್ಯಯದಲ್ಲೇ ಇರುವುದರಿಂದ ಪದಗಳನ್ನು ಯಾವ ಕ್ರಮದಲ್ಲಿ ಬರೆದರೂ ಅರ್ಥವಾಗುತ್ತದೆ. ಮರಳಿ ಬರುವ ವಾಕ್ಯದಲ್ಲಿ ಇನ್ನೊಂದು ಪೇಚು. ಯಾರೋ ರೂಮಿಗೆ ಬಂದರೆಂದು ತಿಳಿಸಲು ಇಂಗ್ಲಿಷ್ ಸರ್ವರಿಗೆ ಹೆಸರು ಸಾಕು. ಕನ್ನಡದ ಸರ್ವರ್ ಬಂದನೋ ಬಂದಳೋ ಬಂದಿತೋ ಬಂದರೋ ಎಂದು ಆರಿಸಬೇಕು. ಲಿಂಗ ಪಾತ್ರದ ದಾಖಲೆಯಲ್ಲೇ ಇದೆ. ಗೌರವಕ್ಕೆ ಮಾತ್ರ ಬೇರೆ ಅಂಕಣವಿಲ್ಲ, ಆಟಗಾರರ ಹಂತವನ್ನೇ ನೋಡಬೇಕಾದೀತು: ಐದನೆಯ ಹಂತದವನಿಗೆ ‘ಯಾರೋ ಅದು’ ಎಂದು ಗದರುವ ಕಾವಲುಗಾರ, ಮೂವತ್ತು ದಾಟಿದವನಿಗೆ ‘ಬನ್ನಿ ಸ್ವಾಮಿ’ ಎಂದು ಬಾಗಿಲು ತೆಗೆಯಬೇಕು.